ಗೋಡೆ ಮೇಲಿನ ಕರಿ ಕೈಗಳು

ಬೆಣ್ಣಿಹಳ್ಳದ ದಂಡೆಯ ಆ ಊರಿನಲ್ಲಿ ರೇವವ್ವನಿಗೆ ಬೆಳಗಾಗುವುದೇ ಬೇಡವಾಗಿತ್ತು. ಎದ್ದರೆ ಸಾಕು, ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಕೈಗಳು. ಬರೀ ಕೈಗಳು. ಬರೆಯುತ್ತಿದ್ದವಳು ಸೊಸೆ ಅನ್ನವ್ವ. ಹಳ್ಳದ ಮಹಾಪೂರದಲ್ಲಿ ಅವಳ ತಮ್ಮ ಕೊಚ್ಚಿಹೋದಂದಿನಿಂದ ಅವಳು ಮಾತು ಬಿಟ್ಟಿದ್ದಳು. ರೇವವ್ವ ಅಂಜುತ್ತಲೇ ಸೆಗಣಿಯಿಂದ ಗೋಡೆ ಸಾರಿಸುವಳು. ಮರುದಿನ ಕೈಗಳು ಮತ್ತೆ ಮೂಡುವವು.

“ಸತ್ತಾಂವ ಆಕಿ ಮೈಯಾಗ ಬಂದಾನ್ರಿ ಬಾಯಾರ,” ಎಂದು ರೇವವ್ವ ಮನೆಗೆ ಬಂದ ನರ್ಸ್ ಹಸೀನಾಬಿಯ ಕಿವಿಯಲ್ಲಿ ಹೇಳಿದಳು. “ನಾಳಿ ಅಮಾಸಿ. ದೆವ್ವ ಬಿಡಸಾಂವ ಬರ್ತಾನ. ಕುಡಗೋಲು ಕಾಸಿ ಎರಡೂ ಅಂಗೈಗೆ ಬರಿ ಹಾಕ್ತಾನಂತ.”

ಅವನಿಗೇನು, ಸುಡುವುದು ಅವನ ಕೈಯಲ್ಲವಲ್ಲ! ಹಸೀನಾಬಿ ರೇವವ್ವನ ಮಾತನ್ನು ಅಲ್ಲಿಗೇ ತಡೆದಳು.

“ದುಡಿಯೋ ಕೈ ಸುಡ್ತೀರೇನು ಯವ್ವಾ? ಆಕಿ ಬಾಯಿ ಕಟ್ಟೇತಿ, ಅದಕ್ಕ ಕೈಲೆ ಏನೋ ಹೇಳಾಕತ್ತಾಳ. ನೀವು ದಿನಾ ಅದನ್ನ ಮುಚ್ಚಾಕತ್ತೀರಿ. ಧಾರವಾಡದ ದವಾಖಾನಿಗೆ ಹೋಗೂಣು ಬರ್ರಿ. ಅಲ್ಲಿ ಡಾಕ್ಟರ್ ಅದಾರ, ಅವರ ಜೋಡಿ ಚಿತ್ರಾ, ಮಣ್ಣಿನ ಕೆಲಸಾ ಮಾಡಿಸಿ ಮನಸ್ಸಿಗೆ ಚಿಕಿತ್ಸೆ ಕೊಡೋ ಅಕ್ಕಾರು ಅದಾರ.”

“ಸಣ್ಣ ಹುಡುಗರಂಗ ಚಿತ್ರಾ ತಗದ್ರ ದೆವ್ವ ಹೋಗ್ತೇತೇನ್ರಿ?”

ಮಗ ಈರಪ್ಪ ಮಾತ್ರ ಹೆಂಡತಿಯ ಅಂಗೈಯನ್ನೇ ನೋಡುತ್ತಿದ್ದ. “ನಡೀಬೇ ಯವ್ವಾ, ಇವತ್ತ ಹೋಗೂಣು,” ಎಂದ.

ದವಾಖಾನೆಯಲ್ಲಿ ಅಕ್ಕಾರು ಏನೂ ಕೇಳಲಿಲ್ಲ. ಎರೆಮಣ್ಣಿನ ಮುದ್ದೆಯನ್ನು ಅನ್ನವ್ವನ ಮುಂದಿಟ್ಟು ಬಾಜು ಕುಳಿತರು. ಮೊದಮೊದಲು ಅವಳು ಅದನ್ನು ಮುಟ್ಟಲೂ ಇಲ್ಲ. ಹಲವು ಸಲ ಹೋಗಿಬಂದ ಮೇಲೆ ಒಂದು ದಿನ ದೊಡ್ಡ ಕೈಯೊಂದನ್ನು ಮಾಡಿದಳು. ಅದರ ಬೆರಳ ತುದಿಗೆ ಸಣ್ಣದೊಂದು ಕೈ.

“ಈ ಸಣ್ಣ ಕೈ ಯಾರದವ್ವಾ?” ಎಂದರು ಅಕ್ಕಾರು.

“ತಮ್ಮಂದ್ರಿ... ಗಟ್ಟಿ ಹಿಡದಿದ್ದೆ. ಜಾರಿತ್ರಿ,” ಎಂದು ಅನ್ನವ್ವ ಹೋ ಎಂದು ಅತ್ತಳು.

ಬಾಗಿಲಲ್ಲಿ ನಿಂತಿದ್ದ ರೇವವ್ವ ಒಳಗೆ ಬಂದು ಸೊಸೆಯ ಅಂಗೈ ಹಿಡಿದಳು. ಈ ಕೈಗೇ ಬರೆ ಹಾಕಿಸಲು ಹೊರಟಿದ್ದೆನಲ್ಲ ಎಂದುಕೊಂಡಳು.

ಡಾಕ್ಟರು ಕೊಟ್ಟ ಗುಳಿಗೆ, ಅಕ್ಕಾರ ಮಣ್ಣಿನ ಕೆಲಸ ಎರಡೂ ಇನ್ನೂ ನಡೆದಿವೆ. ಮಳೆಯ ಸಪ್ಪಳಕ್ಕೆ ಅನ್ನವ್ವ ಈಗಲೂ ಬೆಚ್ಚುತ್ತಾಳೆ. ಆಗ ರೇವವ್ವ ತಾನೇ ಒಲೆಯಿಂದ ಇದ್ದಿಲು ತೆಗೆದುಕೊಡುತ್ತಾಳೆ. “ಬರಿಯವ್ವಾ, ನಾ ಸಾರಸೂದಿಲ್ಲ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾತು ಬಿಟ್ಟು ಕುಳಿತಿದ್ದರೆ ಕುಡಗೋಲು ಕಾಸಬೇಡಿ. ದವಾಖಾನೆಗೆ ಕರೆದೊಯ್ಯಿರಿ. ಅವರು ಗೋಡೆಗೆ ಏನಾದರೂ ಬರೆದಿದ್ದರೆ, ಅಂಜಿಕೆಯಾದರೂ ಸರಿ, ಒರೆಸುವ ಮೊದಲು ಒಮ್ಮೆ ನಿಂತು ನೋಡಿ.