ವಾಲಗದ ಕೆಳಗಿನ ಹಸಿರು ಗೆರೆ

ಪರದೆಯ ಕೆಳಭಾಗದಲ್ಲಿ ಒಂದು ಹಸಿರು ಗೆರೆ ನಡುಗುತ್ತಿತ್ತು. ಯಾರಾದರೂ ಮಾತಾಡಿದರೆ ಏಳುವುದು, ಸುಮ್ಮನಾದರೆ ಮಲಗುವುದು. ಅದೇ ಧ್ವನಿ ಎಂದು ವಾರಿಜಕ್ಕ ಮೊದಲ ದಿನವೇ ನನಗೆ ತೋರಿಸಿದ್ದರು.

ಅವರ ಸ್ಟುಡಿಯೋದಲ್ಲಿ ನಾನು ಮದುವೆ ವಿಡಿಯೋಗಳ ಎಡಿಟಿಂಗ್ ಕಲಿಯುತ್ತಿದ್ದೆ. "ಮೊದ್ಲು ಅಸಲನ್ನ ಜೋಪಾನ ಮಾಡು. ಆಮೇಲೆ ಬೇಡದ್ದು ಕತ್ತರಿಸು, ಬೇಕಾದ್ದು ಜೋಡಿಸು. ಬಣ್ಣ ತಿದ್ದೋ ಆತುರ ಬೇಡ," ಎನ್ನುತ್ತಿದ್ದರು. ಧಾರೆಯ ದೃಶ್ಯ ಬಂದಾಗ ಮೈಕಿನ ಧ್ವನಿಯನ್ನು ಮುಚ್ಚಿ ಅದರ ಮೇಲೆ ವಾಲಗ ಹಾಕುವುದು ನಮ್ಮೂರಿನ ಪದ್ಧತಿ. ಮಂಟಪದ ಕೆಮ್ಮು, ಗೊಣಗಾಟ, ನೆಂಟರ ಜಗಳ ಎಲ್ಲವೂ ಅದರಡಿ ಅಡಗಿಹೋಗುತ್ತಿದ್ದವು.

ಚಂದನಾಳ ಮದುವೆಗೂ ವಾಲಗ ಹಾಕಿ ಮುಗಿಸಿ, ಅದರಡಿಯ ಮೈಕಿನ ಧ್ವನಿಯನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿದೆ. ಮಂತ್ರಕ್ಕೆಂದು ವರ ಧನಪಾಲನ ಶಲ್ಯಕ್ಕೆ ಸಿಕ್ಕಿಸಿದ್ದ ಪುಟ್ಟ ಮೈಕನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಪರದೆಯಲ್ಲಿ ಅವನು ವಧುವಿನತ್ತ ಬಾಗಿ ನಗುತ್ತಿದ್ದ. ಕಿವಿಗೆ ಬಿದ್ದದ್ದು ಬೇರೆ.

"ನಗು. ನಿನ್ನೆ ನಾನು ಹೊಡೆದದ್ದು ನಿಮ್ಮಪ್ಪನಿಗೇನಾದ್ರೂ ಗೊತ್ತಾದ್ರೆ, ಮನೆಗೆ ಬಂದ್ಮೇಲೆ ನಿನ್ನ ಕತೆ ಮುಗಿಸ್ತೀನಿ."

ವಾರಿಜಕ್ಕನಿಗೆ ಹೇಳೋಣವೆಂದು ಏಳುವಷ್ಟರಲ್ಲಿ ಅವರೇ ಮೂವರನ್ನು ಒಳಗೆ ಕರೆತಂದರು: ಚಂದನಾ, ಅವಳ ತಂದೆ ಪದ್ಮರಾಜಯ್ಯ, ಹಿಂದೆ ಧನಪಾಲ. ತವರಿನ ಶಾಸ್ತ್ರಗಳು ಮುಗಿದಿದ್ದವು; ವಿಡಿಯೋ ನೋಡಿಕೊಂಡು ಅಲ್ಲಿಂದಲೇ ಹೆಂಡತಿಯನ್ನು ತನ್ನೂರಿಗೆ ಕರೆದೊಯ್ಯುವವನಿದ್ದ. ಅವಳ ಪೆಟ್ಟಿಗೆ ಆಗಲೇ ಕಾರು ಸೇರಿತ್ತು.

ಅವನು ನನ್ನ ಕುರ್ಚಿಯ ಹಿಂದೆ ಬಂದು ನಿಂತ. "ಮೈಕಿನ ಸೌಂಡ್ ಏನೂ ಉಳಿಸಿಲ್ಲ ತಾನೆ?" ಅವನ ಉಸಿರು ಕುತ್ತಿಗೆಗೆ ತಾಗಿತು.

"ಇಲ್ಲ, ವಾಲಗ ಹಾಕಿದ್ದೀನಿ," ಎಂದೆ. ಚಂದನಾ ನೆಲ ನೋಡುತ್ತಿದ್ದಳು.

ವಿಡಿಯೋ ಒಪ್ಪಿಸುವ ಮುನ್ನ ಮನೆಯ ಹಿರಿಯರಿಗೊಮ್ಮೆ ಹೆಡ್‌ಫೋನಿನಲ್ಲಿ ಕೇಳಿಸುವುದು ವಾರಿಜಕ್ಕನ ನಿಯಮ. ಅವರು ಅದನ್ನು ಪದ್ಮರಾಜಯ್ಯನವರಿಗೆ ಕೊಟ್ಟರು. "ವಾಲಗ ಸರಿಯಾಗಿದೆಯಾ ನೋಡಿ, ಯಜಮಾನ್ರೆ."

ಈಗ ಸುಮ್ಮನಿದ್ದರೆ ಅವಳು ಆ ಕಾರು ಹತ್ತುತ್ತಾಳೆ. ಅವನು ಬಾಗಿ ನಗುವ ದೃಶ್ಯ ಬರುತ್ತಿದ್ದಂತೆಯೇ ವಾಲಗವನ್ನು ಮುಚ್ಚಿ ಮೈಕನ್ನು ತೆರೆದೆ.

ಕೋಣೆಯಲ್ಲಿ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ಧನಪಾಲ ತನ್ನ ನಗುವನ್ನು ತಾನೇ ಮೆಚ್ಚಿ ನೋಡುತ್ತಿದ್ದ. "ಚೆನ್ನಾಗಿದೆ ಅಲ್ವಾ, ಮಾವ?"

ಪದ್ಮರಾಜಯ್ಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಬಾ ಮಗಳೇ, ಪೆಟ್ಟಿಗೆ ಇಳಿಸ್ಕೊಳ್ಳೋಣ."

ಚಂದನಾ ತಲೆಯೆತ್ತಿದಳು. ನನ್ನ ಬೆನ್ನ ಹಿಂದಿದ್ದವನು ಅಲುಗಾಡಲಿಲ್ಲ. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಎದುರಿನ ಪರದೆಯಲ್ಲಿ ಅವನಿನ್ನೂ ನಗುತ್ತಿದ್ದ, ಆ ನಗುವಿನ ಕೆಳಗೆ ಹಸಿರು ಗೆರೆ ಏಳುತ್ತ ಬೀಳುತ್ತ ಇತ್ತು.