ದೋಣಿ ಇಲ್ಲ, ನೆರಳಿದೆ

"ಕೈ ತೆಗಿಯಮ್ಮಾ, ಕೈ ತೆಗಿ!"

ಚಿತ್ರಕಲೆಯ ಮೇಷ್ಟ್ರು ಹೀಗೆ ಕೂಗುವ ಹೊತ್ತಿಗೆ ನನ್ನ ಕೆರೆ ಆಗಲೇ ಕೆಸರಾಗಿರುತ್ತಿತ್ತು. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ಹಾಗಾಗಿ ನನ್ನ ಕೈ ಸುಮ್ಮನಿರುವುದಿಲ್ಲ. ದಡದ ಹಸಿರನ್ನು ನೀರಿಗೆಳೆದು, ಮೇಲೊಂದು ಬೆಳಕಿನ ಗೆರೆ ಹಾಕಿ ಬಿಟ್ಟರೆ ನೀರು ಫಳಫಳ ಎನ್ನುತ್ತದೆ. ನಾನು ಬಿಟ್ಟರೆ ತಾನೇ? ಪಕ್ಕದಲ್ಲಿ ಇನ್ನೊಂದು ಗೆರೆ, ಅದನ್ನು ಮೆತ್ತಗಾಗಿಸಲು ಒಂದು ಸವರು, ಆ ಸವರನ್ನು ಮುಚ್ಚಲು ಮತ್ತೊಂದು. ಕೊನೆಗೆ ಪಾತ್ರೆ ತೊಳೆದ ನೀರು.

"ಕೆರೆ ಬರಿ ಅಂದ್ರೆ ಗಾರೆ ಕಲಸ್ತೀಯಲ್ಲ! ಭಾನುವಾರ ಮುಗಿಸಿರೋ ಚಿತ್ರ ಒಂದು ತಗೊಂಡ್ ಬಾ. ಇಲ್ಲಾಂದ್ರೆ ಮುಂದಿನ ತರಗತಿಗೆ ಸೇರಿಸ್ಕೊಳ್ಳಲ್ಲ. ನಂಗೂ ಬಿಪಿ ಇದೆ."

ಮುಂದಿನ ತರಗತಿ ಎಂದರೆ ಫೋಟೋ ನೋಡಿ ಬರೆಯುವುದನ್ನು ಬಿಟ್ಟು ನಿಜವಾದ ನೀರಿನ ದಡದಲ್ಲಿ ಕೂರುವುದು. ನಾನು ಸೇರಿದ್ದೇ ಅದಕ್ಕೆ.

ತಪ್ಪೆಲ್ಲ ಅಜ್ಜಿಯದೆಂದು ನನ್ನ ವಾದ. ಅವಳ ಕಥೆಗಳಿಗೆ ಕೊನೆಯೇ ಇರಲಿಲ್ಲ. ಕೇಳುವವರು ಹೂಂಗುಟ್ಟುತ್ತಿರುವವರೆಗೂ ರಾಜಕುಮಾರಿ ನಡೆಯುತ್ತಲೇ ಇರಬೇಕು. ಹೂಂ ನಿಂತಿತೋ, ಒಂದು ಕಾಲು ಎತ್ತಿದ್ದರೂ ಸರಿ, ಅವಳು ಅಲ್ಲೇ ನಿಲ್ಲಬೇಕು. ನಿದ್ದೆ ಹೋದವರಿಗೆ ಕಥೆ ಹೇಳಬಾರದು. ನಿಂತ ಕಥೆಯನ್ನು ಅದೇ ದಿನ ಎಬ್ಬಿಸಬಾರದು. ಹೀಗೆ ಬೆಳೆದವಳಿಗೆ ಎಲ್ಲಿ ನಿಲ್ಲಿಸಬೇಕೆಂದು ತನ್ನಷ್ಟಕ್ಕೆ ಹೊಳೆಯುವುದು ಹೇಗೆ?

ಶನಿವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ಕ್ಯಾನ್ವಾಸ್ ನಿಲ್ಲಿಸಿದೆ. ಅಜ್ಜಿ ಕುರ್ಚಿ ಎಳೆದುಕೊಂಡು ಬಂದಳು.

"ಟರ್ಪೆಂಟೈನ್ ವಾಸ್ನೆ ತಲೆ ತಿನ್ನುತ್ತೆ ಕಣೇ. ನೀರೊಳಗೆ ಅರಮನೆ ಎಲ್ಲಿ?"

"ಕಣ್ಣಿಗೆ ಕಾಣೋದಷ್ಟೇ ಬರೀಬೇಕಂತೆ. ಮೇಷ್ಟ್ರು ಹೇಳಿದಾರೆ."

"ಪಾಪ, ಅವರಿಗೆ ಕಾಣಲ್ವೇನೋ. ಒಂದು ಮೊಸಳೆನಾದ್ರೂ ಹಾಕು."

"ಅಯ್ಯೋ ಅಜ್ಜಿ! ನಾನೇ ಕಥೆ ಹೇಳ್ತೀನಿ, ನೀನು ಸುಮ್ನೆ ಹೂಂ ಅನ್ನು. ಆಚೆ ಒಂದು ದಡ."

"ಹೂಂ."

"ಮರದ ನೆರಳು ನೀರಿಗಿಳೀತು. ಮೇಲೊಂದು ಬೆಳಕಿನ ಗೆರೆ."

"ಹೂಂ."

"ಈಗ ದೋಣಿ. ಮೊದ್ಲು ಅದರ ನೆರಳು, ನೀರಿನ ಬಣ್ಣ ಹಸಿ ಇರುವಾಗ್ಲೇ..."

ಚಪ್ಪಟೆ ಬ್ರಷ್ಷಿನಿಂದ ನೆರಳನ್ನು ಕೆಳಗೆಳೆದೆ. ಹೂಂ ಬರಲಿಲ್ಲ. ಅಜ್ಜಿಯ ಗಲ್ಲ ಎದೆಗಿಳಿದಿತ್ತು. ನನ್ನ ಕೈ ಗಾಳಿಯಲ್ಲೇ ನಿಂತಿತು. ಎಬ್ಬಿಸುವ ಹಾಗಿಲ್ಲ, ಮುಂದುವರಿಸುವ ಹಾಗಿಲ್ಲ. ಅಳು ಬಂತು. ಎದ್ದ ಮೇಲೆ ಎಷ್ಟು ಗೋಗರೆದರೂ ಅವಳದು ಒಂದೇ ಮಾತು: "ನಿಂತಿದ್ದು ನಿಂತಿತು. ನಾಳೆಗಿರಲಿ."

ನಾಳೆಯೇ ಭಾನುವಾರ. ತರಗತಿಯಲ್ಲಿ ಮೇಷ್ಟ್ರು ಚಿತ್ರದ ಎಡಕ್ಕೆ ಬಂದರು, ಬಲಕ್ಕೆ ಬಂದರು.

"ದೋಣಿ ಎಲ್ಲಿ? ನೆರಳಿಲ್ಲೇ ಇದೆ, ದೋಣಿ ಏನು ಕಾಫಿ ಕುಡಿಯೋಕೆ ಹೋಗಿದ್ಯಾ?"

"ಅಜ್ಜಿ ಮಲಗ್ಬಿಟ್ಳು ಸಾರ್."

ಅವರು ತಲೆ ಹಿಡಿದುಕೊಂಡರು. ಆಮೇಲೆ ಕನ್ನಡಕ ತೆಗೆದು ಬಗ್ಗಿದರು. ನಾನು ಹಾಕಿದ್ದ ಬೆಳಕಿನ ಗೆರೆ ಹಾಕಿದಲ್ಲೇ ಇತ್ತು, ಒಂಟಿಯಾಗಿ.

"ನೀರು ನೀರಾಗಿದೆ," ಎಂದರು, ದೂರು ಕೊಡುವವರಂತೆ. "ದೋಣಿ ಹಾಕು. ಇಲ್ಲೇ, ನನ್ನೆದುರಿಗೇ. ಕೆಡಿಸಿದ್ರೆ ನೋಡು."

"ಹಾಗಾದ್ರೆ ನಮ್ಮಜ್ಜಿ ಥರ ನೀವು ಹೂಂ ಅನ್ಬೇಕು ಸಾರ್. ಪ್ರತಿ ಗೆರೆಗೂ."

ಎಲ್ಲರ ಬ್ರಷ್ಷುಗಳೂ ನಿಂತವು. ಮೇಷ್ಟ್ರು ಸ್ಟೂಲ್ ಎಳೆದು ಕೂತರು.

"ನನ್ನ ಹಣೆಬರಹ. ಹೂಂ."

ದೋಣಿಯ ಅಂಚು.

"ಹೂಂ."

ಒಳಗಿನ ಕತ್ತಲು.

"ಹೂಂ, ಹೂಂ, ಬೇಗ."

ಅಂಚಿನ ಮೇಲೆ ಬಿಸಿಲಿನ ಒಂದು ಚುಕ್ಕೆ. ಬ್ರಷ್ಷಿನ ತುದಿಯಲ್ಲಿ ಇನ್ನೂ ಬಿಳಿ ಉಳಿದಿತ್ತು, ಪಕ್ಕದಲ್ಲಿ ಒಂದು ಅಲೆಗೆ ಜಾಗವೂ ಇತ್ತು. ಕಾದೆ. ಹೂಂ ಬರಲಿಲ್ಲ. ತಿರುಗಿ ನೋಡಿದರೆ ಮೇಷ್ಟ್ರು ಮಲಗಿರಲಿಲ್ಲ, ದೋಣಿಯನ್ನೇ ನೋಡುತ್ತಿದ್ದರು.

ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಗೆ ಇಳಿಬಿಟ್ಟೆ.

"ಮುಂದಿನ ವಾರ ಟೋಪಿ ತಗೊಂಡ್ ಬಾ, ದಡದಲ್ಲಿ ಬಿಸಿಲು," ಎನ್ನುತ್ತಾ ಅವರು ಎದ್ದರು. "ಆ ಅಜ್ಜೀನೂ ಕರ್ಕೊಂಡ್ ಬಾ. ದಿನಾ ಹೂಂಗುಟ್ತಾ ಕೂರೋಕೆ ನನ್ ಕೈಲಾಗಲ್ಲ."