ಒಂದೇ ಡ್ರಮ್ಮಿನ ಎರಡು ತಲೆ

ಹಲ್ಲುಜ್ಜುವ ಹೊಸ ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಆಕೆ ಗಂಡನ ಬಲಗೈ ಹೆಬ್ಬೆರಳಿನ ಉಗುರು ಉಜ್ಜುತ್ತಿದ್ದಳು. ಎಡಗೈ ಆಗಲೇ ಮುಗಿದಿತ್ತು. ಉಗುರಿನ ಸಂದಿಯಲ್ಲಿ ಬಿಳಿ ಪುಟ್ಟಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಬದುಕಿದ್ದಾಗಲೇ ಬಿಡದ್ದು ಈಗ ಬಿಟ್ಟೀತೇ?

“ಸಾಕು ಬಿಡಮ್ಮಾ, ಯಾರು ನೋಡ್ತಾರೆ?” ಎಂದಳು ಮಗಳು.

“ಜೀವಮಾನವೆಲ್ಲ ಹಂದಿ ಜಿಂಕೆಗಳ ಹಲ್ಲು ಉಜ್ಜಿ ಫಳಫಳ ಮಾಡಿದೋರು. ಅವರು ಕೊಳಕು ಉಗುರಿಟ್ಕೊಂಡು ಹೋಗ್ಬೇಕಾ?”

ಈ ಮನೆಗೆ ಬ್ರಷ್ಷು ಬರುತ್ತಿದ್ದುದೇ ಡಜನ್ನುಗಟ್ಟಲೆ. ಹೊಸದಾಗಿ ಅಂಗಡಿ ಹಾಕಿದವನೊಬ್ಬ, “ನಿಮ್ಮದು ದೊಡ್ಡ ಕುಟುಂಬವಾ ಸ್ವಾಮಿ?” ಎಂದು ಕೇಳಿದ್ದನಂತೆ. “ಹೌದಪ್ಪ, ಸದ್ಯಕ್ಕೆ ನಲವತ್ತು ತಲೆ ಇದೆ,” ಎಂದು ಇವರು ಗಂಭೀರವಾಗಿ ಉತ್ತರ ಕೊಟ್ಟು ಬಂದಿದ್ದರು.

ಬೇಟೆಗಾರರು ಹೊಡೆದು ತಂದ ಪ್ರಾಣಿಗಳ ತಲೆಬುರುಡೆಯನ್ನು ಶುಚಿ ಮಾಡಿ, ಬೆಳ್ಳಗಾಗಿಸಿ, ಮುರಿದಿದ್ದರೆ ಪುಟ್ಟಿ ತುಂಬಿ ಕೂಡಿಸಿ, ಮನೆಯಲ್ಲಿ ಇಟ್ಟುಕೊಂಡು ಮೆರೆಯುವ ಹಾಗೆ ಮಾಡಿಕೊಡುವುದು ಅವರ ಕಸುಬು. ಒಂದು ದಿನವೂ ಪಾಠ ಹೇಳಿದವರಲ್ಲ. ಆದರೂ ಊರಿಗೆಲ್ಲ ಬುರುಡೆ ಮೇಷ್ಟ್ರು. ಬೇಗ ಶುಚಿಯಾಗಲಿ ಎಂದು ತಲೆಯನ್ನು ಕುದಿಸಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಬೆವರಿಳಿಸುತ್ತಿದ್ದುದರಿಂದ ಬಂದ ಹೆಸರು ಅದು. ಕುದಿಸಿದರೆ ಕೊಬ್ಬು ಎಲುಬಿನೊಳಕ್ಕೇ ಇಳಿದು ಕೂರುತ್ತದೆ, ಎಲುಬು ಬಿರಿಯುತ್ತದೆ. ಮೊದಲು ವಾರಗಟ್ಟಲೆ ತಣ್ಣೀರು, ಆಮೇಲೆ ಸೋಪಿನ ನೀರು, ಕೊನೆಗೆ ಬೆಳ್ಳಗಾಗಲು ಪೆರಾಕ್ಸೈಡು, ಒಣಗಿಸುವುದು ನೆರಳಲ್ಲಿ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡೇ ಅವರನ್ನು ಪ್ರೀತಿಸುತ್ತಿದ್ದರು. “ಬುರುಡೆ ಬಿಡೋರು ಇರೋವರೆಗೂ ಬುರುಡೆ ತೊಳೆಯೋನಿಗೆ ಕೆಲಸ ತಪ್ಪಲ್ಲ,” ಎನ್ನುತ್ತಿದ್ದರು ಮೇಷ್ಟ್ರು.

ಆಕೆ ಕೈಯನ್ನು ಒರೆಸಿ ಎದೆಯ ಮೇಲಿಟ್ಟಳು. ಇವತ್ತು ಬೇಕರಿಯವನೂ ಬರುತ್ತಾನೆ, ರಿಟೈರಾದ ಬಸ್ ಡ್ರೈವರೂ ಬರುತ್ತಾನೆ. ಇಬ್ಬರೂ ಒಂದೇ ಸೂರಿನಡಿ ಸಿಕ್ಕಿದಾಗ ಒಂದು ವಿಷಯ ಹೇಳುವೆನೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಅದೋ, ಆ ಗಂಡನ ಹೆಸರಿಗೇ ಮಸಿ ಬಳಿಯುವಂಥ ವಿಷಯ.

“ಇವತ್ತೇ ಹೇಳ್ಬೇಕಾ?” ಮಗಳು ದನಿ ತಗ್ಗಿಸಿ ಕೇಳಿದಳು. “ಊರೆಲ್ಲ ಸೇರಿ ಅಪ್ಪನ್ನ ಹೊಗಳೋ ದಿನ. ಅದಕ್ಕೂ ನೀನೇ ಕಲ್ಲು ಹಾಕ್ತೀಯಾ?”

“ಇವತ್ತು ಬಿಟ್ರೆ ಆ ಇಬ್ಬರೂ ಒಟ್ಟಿಗೆ ಸಿಗೋದು ಅವರಲ್ಲೊಬ್ಬ ಸತ್ತಾಗ. ಆಗ ಹೇಳಿ ಏನು ಬಂತು?”

ಹತ್ತು ಗಂಟೆಗೆಲ್ಲ ಮನೆ ತುಂಬಿತು. ಬೇಕರಿಯವನು ಎರಡು ಬುಟ್ಟಿ ಬ್ರೆಡ್ಡು ಹೊತ್ತು ಬಂದು ಅಡುಗೆಮನೆಯಲ್ಲಿಟ್ಟು, ಮೇಷ್ಟ್ರ ಕಾಲ ಬಳಿ ನಿಂತು ಮಗುವಿನ ಹಾಗೆ ಅತ್ತ. “ಅತ್ತಿಗೆ, ಸಾವಿರಾರು ತಲೆ ಇವರ ಕೈಯಲ್ಲಿ ಹೋಗಿದೆ. ಒಂದು ಹಲ್ಲು ಆಚೀಚೆ ಆಗಿಲ್ಲ,” ಎಂದ. ಸುತ್ತ ಇದ್ದವರು ಹೌದೌದು ಎಂದರು.

ಡ್ರೈವರು ಅಷ್ಟು ಹೊತ್ತೂ ಗೇಟಿನ ಹೊರಗೆ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಬೇಕರಿಯವನು ಹೊರಗೆ ಬಂದ ಮೇಲೆಯೇ ಒಳಗೆ ಕಾಲಿಟ್ಟ. ಇಬ್ಬರದೂ ಹಾವು ಮುಂಗುಸಿ ಸಂಬಂಧ ಎಂಬುದು ಊರಿಗೆಲ್ಲ ಗೊತ್ತು. ಜನ ದಾರಿ ಬಿಟ್ಟರು.

“ಅಕ್ಕ, ಇವರ ಕೈ ಒಂದು ದಿನಾನೂ ತಪ್ಪಿದ್ದಿಲ್ಲ,” ಎಂದ ಡ್ರೈವರು. ಆಮೇಲೆ ಹೊರಗಡೆ ನೋಡಿ, “ತಪ್ಪಿದ್ದು ಬೇರೆಯವರ ಬುದ್ಧಿ,” ಎಂದು ಸೇರಿಸಿದ. ಸಾವಿನ ಮನೆಯಲ್ಲೂ ಬಿಡಲಿಲ್ಲ, ಪುಣ್ಯಾತ್ಮ.

*

ಇಪ್ಪತ್ತಾರು ವರ್ಷದ ಹಿಂದೆ ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಂಥ ಗೆಳೆಯರು. ಒಂದೇ ಬೆಳಿಗ್ಗೆ ಇಬ್ಬರೂ ಒಂದೊಂದು ಕಾಡುಹಂದಿ ಹೊಡೆದು, ಎರಡೂ ತಲೆಗಳನ್ನು ಒಂದೇ ಗೋಣಿಚೀಲದಲ್ಲಿ ತಂದು ಮೇಷ್ಟ್ರಿಗೆ ಒಪ್ಪಿಸಿದ್ದರು. ಒಂದು ಡ್ರಮ್ಮಿಗೆ ಒಂದೇ ತಲೆ, ನೆನೆಹಾಕುವ ಮೊದಲು ದವಡೆಯಲ್ಲಿ ಗುರುತು. ಇದು ಮೇಷ್ಟ್ರು ಎಂದೂ ಮೀರದ ನಿಯಮ.

ಆವತ್ತು ಮೀರಿದರು. ಗುರುತು ಮಾಡುವ ಮೊದಲೇ ಪಕ್ಕದ ಮನೆಯಾಕೆ ಓಡಿ ಬಂದು, “ನಿಮ್ಮೋಳಿಗೆ ನೋವು ಶುರುವಾಗಿದೆ!” ಎಂದು ಕೂಗಿದ್ದಳು. ಮೇಷ್ಟ್ರು ಎರಡೂ ತಲೆಗಳನ್ನು ಕೈಗೆ ಸಿಕ್ಕ ಡ್ರಮ್ಮಿಗೆ ಹಾಕಿ, ನೀರು ಸುರಿದು ಓಡಿದರು. ಮಗಳು ಹುಟ್ಟಿದಳು. ವಾರಗಟ್ಟಲೆ ಆ ಮನುಷ್ಯ ನೆಲದ ಮೇಲೆ ನಡೆಯಲಿಲ್ಲ.

ಡ್ರಮ್ಮಿನ ನೆನಪಾಗುವ ಹೊತ್ತಿಗೆ ಮಾಂಸ ಕರಗಿ, ಎರಡು ಬುರುಡೆ ಎರಡು ಕೆಳದವಡೆ ಬೇರೆಬೇರೆಯಾಗಿ ತಳದಲ್ಲಿ ಬಿದ್ದಿದ್ದವು. ಹಂದಿಗಳೂ ಒಂದೇ ವಯಸ್ಸಿನವು, ಕೋರೆಯ ಉದ್ದ ಬಿಟ್ಟರೆ ಒಂದೇ ಅಳತೆಯವು. ಕಣ್ಣಂದಾಜಿನಲ್ಲಿ ಯಾವ ದವಡೆಯನ್ನು ಯಾವ ಬುರುಡೆಗೋ ಜೋಡಿಸಿದರು. ಕೀಲು ಸ್ವಲ್ಪ ಸಡಿಲ ಅನ್ನಿಸಿತು. ಒಣಗಿದ ಎಲುಬು ತಾನೇ ಎಂದು ಪುಟ್ಟಿ ತುಂಬಿದರು.

ಎರಡನ್ನೂ ಮೇಷ್ಟ್ರ ಹಿತ್ತಲ ಕಾರ್ಖಾನೆಯಿಂದ ಹೊತ್ತುಕೊಂಡು ಹೋದವನು ಬೇಕರಿಯವನು. ಗೆಳೆಯನದನ್ನು ಗೆಳೆಯನ ಮನೆಗೆ ಮುಟ್ಟಿಸಿದ. ಡ್ರೈವರು ಕಾಡಿನಲ್ಲೇ ತನ್ನ ಹಂದಿಯ ಕೋರೆಹಲ್ಲನ್ನು ಬೆರಳಿಟ್ಟು ಅಳೆದುಕೊಂಡಿದ್ದವನು. ಮನೆಗೆ ಬಂದದ್ದು ಎರಡು ಬೆರಳು ಗಿಡ್ಡ! ಆ ಉದ್ದನೆಯ ಕೋರೆ ನೋಡಿದರೆ ಬೇಕರಿಯ ಗಲ್ಲಾದ ಮೇಲೆ ನಗುತ್ತಿತ್ತು. ಮೇಷ್ಟ್ರನ್ನು ಬಂದು ಕೇಳಿದ. “ನನ್ನಿಂದ ಸರಿಯಾಗೇ ಹೋಗಿದೆಯಪ್ಪ,” ಎಂದರು ಅವರು, ಮಗುವನ್ನು ತೂಗುತ್ತಾ. ಅಲ್ಲಿಗೆ ತೀರ್ಮಾನವಾಯಿತು: ದಾರಿಯಲ್ಲಿ ತಲೆಗಳನ್ನು ಅದಲುಬದಲು ಮಾಡಿದ್ದು ಬೇಕರಿಯವನೇ. ಮೇಷ್ಟ್ರ ಕೈ ತಪ್ಪುವುದಿಲ್ಲವಲ್ಲ!

*

ಮಧ್ಯಾಹ್ನ ಮೇಷ್ಟ್ರನ್ನು ಮಣ್ಣು ಮಾಡಿದರು. ಬೇಕರಿಯವನು ಗುಂಡಿಯ ಆ ಕಡೆ, ಡ್ರೈವರು ಈ ಕಡೆ. ಒಬ್ಬ ಮಣ್ಣು ಹಾಕುವಾಗ ಇನ್ನೊಬ್ಬ ಮುಖ ತಿರುಗಿಸಿದ. ವಾಪಸು ಬರುವಾಗ ವ್ಯಾನಿನ ಕಿಟಕಿಗೆ ತಲೆ ಆನಿಸಿ ಆಕೆ ಎಂಟು ತಿಂಗಳ ಹಿಂದಿನದನ್ನು ನೆನೆದಳು.

*

ಒಲೆಯ ಹೊಗೆಗೆ ಹಳದಿಯಾಗಿದೆ, ಮತ್ತೆ ಬೆಳ್ಳಗೆ ಮಾಡಿಕೊಡಿ ಎಂದು ಬೇಕರಿಯವನು ತನ್ನ ಹಂದಿಯನ್ನು ತಂದುಕೊಟ್ಟಿದ್ದ. ಮೇಷ್ಟ್ರು ಭೂತಗನ್ನಡಿ ಹಿಡಿದು ಕೂತವರು ಸಂಜೆಯಾದರೂ ಏಳಲಿಲ್ಲ.

“ಇವಳೇ, ಬಾ ಇಲ್ಲಿ.”

ಕಾಡುಹಂದಿಯ ಮೇಲಿನ ಕೋರೆಯೂ ಕೆಳಗಿನ ಕೋರೆಯೂ ಜೀವಮಾನವೆಲ್ಲ ಒಂದಕ್ಕೊಂದು ಮಸೆದು ಮಸೆದು ಸವೆಯುತ್ತವೆ, ಕತ್ತಿಯೂ ಸಾಣೆಕಲ್ಲೂ ಇದ್ದ ಹಾಗೆ. ಒಂದರ ಸವಕಲು ಇನ್ನೊಂದರ ಸವಕಲಿಗೆ ಕೂರಲೇಬೇಕು. ಇಲ್ಲಿ ಕೂರುತ್ತಿರಲಿಲ್ಲ.

“ಆವತ್ತು ಸಂತೋಷದಲ್ಲಿ ಇದನ್ನು ನೋಡಲೇ ಇಲ್ಲ ಕಣೇ,” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಬೇಕರಿಯವನು ಕೇಳಿದಾಗಲೆಲ್ಲ “ಇನ್ನೂ ಒಣಗಿಲ್ಲ” ಎಂಬ ಒಂದೇ ರಾಗ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಬೇಕೆಂದು ಮೂರು ಸಲ ಕರೆದರು. ಅವನು ಬಂದರೆ ಇವನಿಲ್ಲ, ಇವನು ಬಂದರೆ ಅವನಿಲ್ಲ. ಒಬ್ಬೊಬ್ಬರಿಗೇ ಹೇಳಲು ಅವರಿಗೆ ಧೈರ್ಯವೂ ಸಾಲಲಿಲ್ಲ. ಹಾಸಿಗೆ ಹಿಡಿದ ಮೇಲೆ ನಕ್ಕರು: “ನನ್ನ ಹೆಣಕ್ಕಂತೂ ಇಬ್ಬರೂ ಬರ್ತಾರೆ. ಆಗ ನೀನೇ ಹೇಳಿಬಿಡು.”

“ನಿಮ್ಮ ಮರ್ಯಾದೆ?”

“ನನ್ನ ಮರ್ಯಾದೆ ಉಳಿದಿರೋದೇ ಅವನು ಕಳ್ಳ ಅನ್ನಿಸಿಕೊಂಡಿರೋದ್ರಿಂದ.”

*

ಜನ ಚಹಾ ಕುಡಿದು ಕರಗಿದರು. ಆಕೆ ಇಬ್ಬರನ್ನೂ ಹಿತ್ತಲ ಕಾರ್ಖಾನೆಗೆ ಕರೆದಳು. ಡ್ರೈವರು ಬಾಗಿಲಲ್ಲೇ ನಿಂತ. “ಮೇಷ್ಟ್ರ ಕೊನೇ ಮಾತು. ಇಬ್ಬರಿಗೂ ಸೇರಿದ್ದು. ಒಳಗೆ ಬನ್ನಿ,” ಎಂದಳು. ಬಂದ.

ಬೇಕರಿಯವನ ಹಂದಿ ಮೇಜಿನ ಮೇಲಿತ್ತು. ಆಕೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಡ್ರಮ್ಮು, ಹೆರಿಗೆ, ಪುಟ್ಟಿ, ಭೂತಗನ್ನಡಿ. ನಡುವೆ ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆನೆಂಬ ಭಯ.

“ಬೈಯೋದಿದ್ರೆ ನನ್ನ ಬೈಯಿರಿ,” ಎಂದು ಮುಗಿಸಿದಳು.

ಡ್ರೈವರ ಮುಖ ಕೆಂಪಾಯಿತು. “ನಾನು ಬಂದು ಕೇಳಿದ್ದೆನಲ್ಲ ಅಕ್ಕ! ಇದೇ ಬಾಗಿಲಲ್ಲಿ ನಿಂತು ಕೇಳಿದ್ದೆ!”

“ಕೇಳಿದ್ರಿ. ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಎಂಟು ತಿಂಗಳು ಬಾಯಿಬಿಡಲಿಲ್ಲ. ಎರಡೂ ತಪ್ಪೇ.”

ಬೇಕರಿಯವನು ಮೇಷ್ಟ್ರ ಸ್ಟೂಲಿನ ಮೇಲೆ ಕುಸಿದ. ಇಪ್ಪತ್ತಾರು ವರ್ಷ ಗಿರಾಕಿಗಳಿಗೆ ತೋರಿಸಿ ಮೆರೆದ ಕೋರೆ ತನ್ನದಲ್ಲ ಎಂದು ಕೂಗಾಡುತ್ತಾನೆ ಎಂದುಕೊಂಡಿದ್ದಳು ಆಕೆ. ಅವನು ಕೇಳಿದ್ದೇ ಬೇರೆ.

“ಅಂದ್ರೆ, ನಾನು ಕದ್ದಿಲ್ಲ ಅಂತ ಮೇಷ್ಟ್ರೇ ಹೇಳಿದ್ರಾ, ಅತ್ತಿಗೆ?”

“ಅದನ್ನ ಹೇಳೋಕೇ ನಿಮ್ಮನ್ನ ಕರೆದದ್ದು.”

ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಮಗಳು ಹಂದಿ ಸುತ್ತಿ ತರಲು ಗೂಟದಿಂದ ಟವಲ್ಲು ಎಳೆದುಕೊಂಡು, “ಡ್ರೈವರ್ ಮಾಮ, ನಿಮ್ಮ ಹಂದಿ ಎಲ್ಲಿದೆ?” ಎಂದಳು.

“ಮಂಚದ ಕೆಳಗೆ ಬಿದ್ದಿದೆ,” ಎಂದ ಡ್ರೈವರು. “ಮೊದಲನೇ ವಾರವೇ ಎಸೆದಿದ್ದೆ.”

ಅವಳು ಸೈಕಲ್ಲಿನಲ್ಲಿ ಹೋಗಿ ಹದಿನೈದು ನಿಮಿಷದಲ್ಲಿ ತಂದಳು. ಅಷ್ಟರಲ್ಲಿ ಆಕೆ ಗಂಡನ ತೆಳು ಚಾಕು ಹಿಡಿದು ಬೇಕರಿಯವನ ಹಂದಿಯ ಕೀಲಿನ ಪುಟ್ಟಿಯನ್ನು ಕೆರೆಯುತ್ತಿದ್ದಳು. ಇಷ್ಟು ವರ್ಷ ಅವರ ಜೊತೆ ಕೂತು ಹಲ್ಲು ಕೂರಿಸಿದ ಕೈ ಅದು. ಎರಡನೆಯದರ ಧೂಳು ಒರೆಸಿ ಅದರ ಕೀಲನ್ನೂ ಬಿಡಿಸಿದಳು. ಉದ್ದ ಕೋರೆಯ ದವಡೆಯನ್ನು ಡ್ರೈವರ ಹಂದಿಯ ಬುರುಡೆಗೆ ಹಿಡಿದಳು. ಟಕ್ಕೆಂದು ಕೂತಿತು. ಮೇಲಿನ ಕೋರೆಯ ಸವಕಲು ಕೆಳಗಿನದರ ಸವಕಲನ್ನು ಮಟ್ಟಸವಾಗಿ ಮುಟ್ಟಿತು. ಬೇಕರಿಯವನು ಜೇಬಿನಿಂದ ಬನ್ನು ಸುತ್ತುವ ಕಾಗದ ತೆಗೆದು, ಚೂರು ಹರಿದು ಸಂದಿಗೆ ತೂರಿಸಲು ನೋಡಿದ. ಕಾಗದ ಮುದುರಿತೇ ಹೊರತು ಒಳಗೆ ಹೋಗಲಿಲ್ಲ.

ಡ್ರೈವರು ಕೋರೆಯ ಪಕ್ಕದಲ್ಲಿ ಬೆರಳಿಟ್ಟು ಅಳೆದ. ಇನ್ನೊಮ್ಮೆ ಅಳೆದ.

“ನನ್ನ ಹಂದಿ ಕೋರೆ ಇಷ್ಟುದ್ದ ಅಂದ್ರೆ ನನ್ನ ಹೆಂಡತಿ ಕೂಡ ನಂಬಲಿಲ್ಲ ಕಣೋ,” ಎಂದ. ಇಪ್ಪತ್ತಾರು ವರ್ಷದಲ್ಲಿ ಅವನು ಬೇಕರಿಯವನಿಗೆ ಆಡಿದ ಮೊದಲ ಮಾತು ಅದು. ಕೋರೆಯಿಂದ ಬೆರಳು ತೆಗೆದು, “ನಿನ್ನ ಕಳ್ಳ ಅಂದೆ. ಊರ ತುಂಬಾ ಅಂದೆ. ಹೊಡೀಬೇಕು ಅನ್ನಿಸಿದ್ರೆ ಹೊಡಿ,” ಎಂದ.

“ನೆಟ್ಟಗೆ ನಿಲ್ಲೋಕಾಗಲ್ಲ ನಿನಗೆ. ಹೊಡೆದ್ರೆ ಎತ್ತೋನೂ ನಾನೇ ಆಗ್ಬೇಕು.”

ಮಗಳು ಕಿಸಕ್ಕನೆ ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಆಕೆಗೆ ಮಾತ್ರ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಮೇಷ್ಟ್ರು ಇದನ್ನು ನೋಡಬೇಕಿತ್ತು ಅನ್ನಿಸಿ ಅಳು ಬಂತು, ಅತ್ತಳು, ಹಾಯಾಗಿ.

ಆಕೆ ಎರಡೂ ದವಡೆಗಳನ್ನು ದಾರದಿಂದ ಬಿಗಿದುಕೊಟ್ಟ ಮೇಲೆ ಸಂಜೆ ಇಬ್ಬರೂ ಹೊರಟರು. ಡ್ರೈವರ ಕೈಯಲ್ಲಿ ಊರುಗೋಲು, ಹಾಗಾಗಿ ಎರಡು ಹಂದಿಗಳನ್ನೂ ಬೇಕರಿಯವನೇ ಕಂಕುಳಿಗೊಂದರಂತೆ ಇರುಕಿಕೊಂಡ. ಮೊದಲು ಗುಂಡು ಹಾರಿಸಿದ್ದು ಯಾರು ಎಂಬ ಜಗಳ ಗೇಟು ದಾಟುವ ಮೊದಲೇ ಶುರುವಾಗಿತ್ತು. ಬೀದಿಯ ಜನ ಬಾಯಿ ತೆರೆದು ನೋಡಿದರು. ಆಕೆ ಬಾಗಿಲಿಗೆ ಒರಗಿ ನಿಂತಳು.

“ನಿಧಾನ ಕಣೋ!” ಡ್ರೈವರು ಗದರುತ್ತಿದ್ದ. “ಎಡವಿಗಿಡವೀಯ. ಹಲ್ಲು ಉದುರಿದ್ರೆ ಕೂರಿಸಿಕೊಡೋಕೆ ಈಗ ಮೇಷ್ಟ್ರಿದಾರಾ?”

ಇಬ್ಬರೂ ನಡುಬೀದಿಯಲ್ಲಿ ನಿಂತುಬಿಟ್ಟರು. ಜಗಳ ನಿಂತಿತು. ಡ್ರೈವರು ಊರುಗೋಲನ್ನು ತೋಳಿಗೆ ಸಿಕ್ಕಿಸಿ ಎರಡೂ ಕೈ ಚಾಚಿದ. ಬೇಕರಿಯವನು ಒಂದು ಹಂದಿಯನ್ನು ಅವನ ಕೈಗಿಟ್ಟ. ಆಮೇಲೆ ತುಂಬಿದ ಕೊಡ ಹೊತ್ತವರ ಹಾಗೆ, ನೆಲ ನೋಡುತ್ತಾ, ಒಂದೊಂದೇ ಹೆಜ್ಜೆ ಇಡುತ್ತಾ ಹೊರಟರು.